ಕೊನೆಯ ಸಾಲಿಗೂ ಕೇಳಬೇಕು

ಕನ್ನಡಕದ ಅಂಗಡಿಯವನಿಗೆ ನಾಟಕದ ತಂಡದಲ್ಲಿ ತಕ್ಕಡಿ ಎಂದು ಹೆಸರು. ಅಂಗಡಿಯಲ್ಲಿ ತೂಗುವಂಥದ್ದೇನೂ ಇರಲಿಲ್ಲ. ಗೋಡೆ ತುಂಬ ಫ್ರೇಮುಗಳು, ಮೂಲೆಯಲ್ಲಿ ಕಣ್ಣು ಪರೀಕ್ಷೆಯ ಕುರ್ಚಿ, ಎದುರಿಗೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಅಷ್ಟೆ. ತೂಗುವ ಕೆಲಸವೆಲ್ಲ ಅವನ ಬಾಯಿಯದು. ಎಲ್ಲಿ ಯಾರು ಜಗಳವಾಡಲಿ, "ಎರಡೂ ಕಡೆ ಕೇಳೋಣ" ಎಂದು ನಡುವೆ ಬಂದು ನಿಲ್ಲುತ್ತಿದ್ದ. ಕರೆಯದಿದ್ದರೂ ನಿಲ್ಲುತ್ತಿದ್ದ. ಗೇಲಿಗೆಂದು ಯಾರೋ ಇಟ್ಟ ಹೆಸರನ್ನು ಬಿರುದು ಎಂದುಕೊಂಡು ಎದೆ ಉಬ್ಬಿಸಿ ತಿರುಗುತ್ತಿದ್ದ, ಪುಣ್ಯಾತ್ಮ.

ಹಗಲು ಕನ್ನಡಕ, ಸಂಜೆ ನಾಟಕ. ತಂಡದವರೆಲ್ಲ ಇಂಥವರೇ: ಅಂಚೆಯವನು, ಬೇಕರಿಯವನು, ಲೆಕ್ಕದ ಟೀಚರು, ಹಲ್ಲಿನ ಡಾಕ್ಟರು. ಕೆಲಸ ಮುಗಿಸಿ, ಮುಖ ತೊಳೆದುಕೊಂಡು, ಗ್ರಂಥಾಲಯದ ಹಿಂದಿನ ಹಾಲಿನಲ್ಲಿ ಸೇರುತ್ತಿದ್ದರು. ವರ್ಷಕ್ಕೊಂದು ನಾಟಕ. ನಿರ್ದೇಶಕ ಯಾವಾಗಲೂ ತಕ್ಕಡಿಯೇ. ನಟರಿಗೆ ಅವನು ಕಲಿಸಿದ ವಿದ್ಯೆಯನ್ನೆಲ್ಲ ಹಿಂಡಿದರೆ ಒಂದೇ ಮಾತು ಉಳಿಯುತ್ತಿತ್ತು: "ಜೋರಾಗಿ! ಕೊನೇ ಸಾಲಿಗೂ ಕೇಳ್ಬೇಕು."

ಹಿಂದೊಂದು ವರ್ಷ ಅವನು ಹೆಂಡತಿಯ ತಮ್ಮನಿಗೆ ರಾಜನ ಪಾತ್ರ ಕೊಟ್ಟಿದ್ದ. ಭಾವಮೈದ ಕಿರೀಟ ಇಟ್ಟುಕೊಂಡು ಬಂದವನು ಸಭಿಕರನ್ನು ನೋಡಿ ಬೆವೆತು, ಮಂತ್ರಿಯ ಮಾತನ್ನು ತಾನೇ ಹೇಳಿ, ಮಂತ್ರಿಗೆ ಕೈ ಮುಗಿದು ಹೊರಟುಹೋದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಡದವರು ಮಾತ್ರ ನಗಲಿಲ್ಲ. ತಕ್ಕಡಿ ಮನೆಯವರ ಕಡೆಗೇ ವಾಲುತ್ತದೆ ಎಂಬ ಸುದ್ದಿಯನ್ನೂ ಅಂಚೆಯವನು ಕಾಗದದ ಜೊತೆ ಬೀದಿ ಬೀದಿಗೆ ಹಂಚಿದ. ಆ ಮಾತು ತಕ್ಕಡಿಯ ಎದೆಯಲ್ಲಿ ಮುಳ್ಳಾಗಿ ಕೂತಿತು.

ಅದಕ್ಕೇ ಪರದೆ ಬಂದದ್ದು. ಆಡಿಷನ್ ಎಂದರೆ ಹೀಗೇ ನಡೆಯಬೇಕು ಎಂದು ಅವನು ಕಟ್ಟುನಿಟ್ಟು ಮಾಡಿದ. ಹಾಲಿನ ನಡುವೆ ದಪ್ಪ ನೀಲಿ ಪರದೆ. ಈಚೆ ಆರಿಸುವ ಮೂವರು: ತಕ್ಕಡಿ, ಲೆಕ್ಕದ ಟೀಚರು, ಹಲ್ಲಿನ ಡಾಕ್ಟರು. ಆಚೆ ಪಾತ್ರ ಕೇಳಿ ಬಂದವರು. ಎಲ್ಲರಿಗೂ ಒಂದೇ ಪುಟ. ಯಾರೂ ಹೆಸರು ಹೇಳಬಾರದು, ಕೆಮ್ಮಬಾರದು. ನಡಿಗೆಯಲ್ಲಿ ಗುರುತು ಸಿಗುತ್ತದೆ ಎಂದು ಚಪ್ಪಲಿಯನ್ನೂ ಬಾಗಿಲಲ್ಲೇ ಬಿಡಿಸಿದ. ಇಷ್ಟಾದರೂ ಬೇಕರಿಯವನಿಗಿಂತ ಮೊದಲು ಬಿಸಿ ಬ್ರೆಡ್ಡಿನ ವಾಸನೆ ಪರದೆ ದಾಟಿ ಬರುತ್ತಿತ್ತು. ಯಾರಾದರೂ ಬಾಯಿ ತೆರೆದರೆ ಸಾಕು, "ಈ ಮುಂದಿನ ಹಲ್ಲು ನಾನು ಕಟ್ಟಿದ್ದು" ಎಂದು ಡಾಕ್ಟರು ಪಿಸುಗುಡುತ್ತಿದ್ದರು. ತಕ್ಕಡಿ ಅವರತ್ತ ಕಣ್ಣು ಬಿಡುತ್ತಿದ್ದ.

ಇನ್ನು ಅವನ ಅಕ್ಕ. ಆಸ್ಪತ್ರೆಯಲ್ಲಿ ಹರಿದ ಹಾಸಿಗೆ ಬಟ್ಟೆ, ಡಾಕ್ಟರುಗಳ ಕೋಟು ಹೊಲಿಯುವ ಕೋಣೆಯಲ್ಲಿ ಅವಳ ಕೆಲಸ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಸೂಜಿಗೆ ದಾರ ಪೋಣಿಸ್ತಾ ಕೂತಿದ್ದೆ, ಬಂದೋರು ಹೊರಟುಹೋದ್ರು" ಎನ್ನುತ್ತಿದ್ದಳು. ತಮ್ಮನ ಮನೆಯ ಮಹಡಿಯಲ್ಲೇ ಅವಳ ಕೋಣೆ. ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿದವಳು ಅವಳು. ಶಾಲೆಯ ನಾಟಕದಲ್ಲಿ ಅವನು ಮಾತು ಮರೆತು ನಿಂತಾಗ ಕಿಟಕಿಯ ಹೊರಗೆ ನಿಂತು ಸಣ್ಣ ದನಿಯಲ್ಲಿ ಹೇಳಿಕೊಟ್ಟಿದ್ದಳು. ಅಂದಿನಿಂದ ಅವಳ ಜಾಗ ಅದೇ ಆಯಿತು. ತಂಡದ ಎಲ್ಲ ನಾಟಕಗಳಿಗೂ ಅವಳೇ ಪ್ರಾಂಪ್ಟರ್. ರಂಗದ ಪಕ್ಕದ ಮರೆಯಲ್ಲಿ ಸ್ಟೂಲು, ಕೈಯಲ್ಲಿ ಪುಟ್ಟ ಟಾರ್ಚು, ತೊಡೆಯ ಮೇಲೆ ನಾಟಕದ ಪುಸ್ತಕ. ಯಾರು ತಡವರಿಸಿದರೂ ಅವಳ ದನಿ ಹೋಗಿ ಅವರ ಕಿವಿಯನ್ನಷ್ಟೇ ಮುಟ್ಟುತ್ತಿತ್ತು, ಸಭಿಕರಿಗೆ ಗೊತ್ತೂ ಆಗುತ್ತಿರಲಿಲ್ಲ. ಎಲ್ಲರ ಮಾನ ಉಳಿಸಿದ ದನಿ ಅದು. ಅದಕ್ಕೆ ಯಾರೂ ಒಂದು ಸಲವೂ ಚಪ್ಪಾಳೆ ತಟ್ಟಿರಲಿಲ್ಲ.

ಪರದೆ ಬಂದ ಮೊದಲ ವರ್ಷದ ನಾಟಕದಲ್ಲಿ ಒಬ್ಬ ದಾದಿಯ ಪಾತ್ರವಿತ್ತು. ದೊಡ್ಡ ಮನೆಯೊಂದರ ಮಕ್ಕಳನ್ನೆಲ್ಲ ಬೆಳೆಸಿದ ಮುದುಕಿ, ಕೊನೆಯ ಅಂಕದಲ್ಲಿ ಆ ಮನೆ ಬಿಟ್ಟು ಹೊರಡುತ್ತಾಳೆ. "ನಾನು ಹೊರಡ್ತೀನಿ. ದೀಪ ನೀವೇ ಹಚ್ಕೊಳ್ಳಿ" ಎಂದು ಅವಳ ಮಾತು ಮುಗಿಯುತ್ತದೆ. ಆಡಿಷನ್ನಿಗೆ ಎಲ್ಲರೂ ಓದಬೇಕಾದ ಪುಟ ಅದೇ.

ಆವತ್ತು ಒಬ್ಬರಾದ ಮೇಲೊಬ್ಬರು ಓದಿದರು. ಒಬ್ಬಳು ಅತ್ತಳು, ಇನ್ನೊಬ್ಬಳು ಕಿರುಚಿದಳು. ಟೀಚರು ಪೆನ್ನಿನ ಕ್ಯಾಪು ತೆಗೆಯುತ್ತ ಹಾಕುತ್ತ ಕೂತಿದ್ದರು. ಆಗ ಪರದೆಯ ಆಚೆಯಿಂದ ಒಂದು ತಗ್ಗಿದ ದನಿ ಶುರುವಾಯಿತು. ಅಳಲೂ ಇಲ್ಲ, ಕಿರುಚಲೂ ಇಲ್ಲ. ಮನೆಯ ಒಂದೊಂದು ಕೋಣೆಗೂ ಹೋಗಿ ಬಾಗಿಲು ಎಳೆದು ಬರುವವಳಂತೆ ನಿಧಾನವಾಗಿ ಮಾತಾಡಿತು. ತಕ್ಕಡಿಯ ಮೈ ಜುಮ್ಮೆಂದಿತು. ಎರಡನೆಯ ಮಾತಿಗೇ ಅವನಿಗೆ ಗೊತ್ತಾಗಿಹೋಯಿತು. ಅಕ್ಕ!

ಅಲ್ಲಿಗೇ ಅವನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಅವನ ಎದೆ ಧಸಕ್ಕೆಂದದ್ದು ಅಕ್ಕನ ಓದಿಗಲ್ಲ, ಅಂಚೆಯವನನ್ನು ನೆನೆದು. ಮೊನ್ನೆ ಭಾವಮೈದ, ಇವತ್ತು ಅಕ್ಕ. ಪರದೆ ಕಟ್ಟಿದ್ದೇ ಅಕ್ಕನನ್ನು ಒಳಗೆ ಸೇರಿಸೋಕೆ ಎನ್ನುವುದಿಲ್ಲವೆ ಜನ? ಟೀಚರು ಆಗಲೇ ಪೆನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದ್ದರು. ಇನ್ನೊಂದು ಕ್ಷಣ ಬಿಟ್ಟರೆ ಕೆಲಸ ಕೆಡುತ್ತದೆ ಎನಿಸಿತು ಅವನಿಗೆ.

"ಏನಿದು, ಆಡಿಷನ್ನಲ್ಲೇ ಪ್ರಾಂಪ್ಟಿಂಗ್ ಶುರುವಾಯ್ತಾ?" ಎಂದು ಅವನು ನಕ್ಕ.

ಡಾಕ್ಟರಿಗೂ ಆಗ ದನಿಯ ಗುರುತು ಹತ್ತಿತು. ಅವರೂ ನಕ್ಕರು. ಟೀಚರೂ ನಕ್ಕು, ತಲೆಯಾಡಿಸಿ, ಹಿಂದಕ್ಕೆ ಒರಗಿ ಕೂತರು. ಪರದೆಯ ಆಚೆ ಓದು ನಿಂತಿತು. ಆಮೇಲೆ ಉಳಿದದ್ದನ್ನು ಬೇಗ ಬೇಗ, ತಡವರಿಸುವ ನಟನಿಗೆ ಹೇಳಿಕೊಡುವ ಹಾಗೆ, ಬರಿಯ ಮಾತುಗಳಾಗಿ ಓದಿ ಮುಗಿಸಿ ಬರಿಗಾಲುಗಳು ಹೊರಟುಹೋದವು. ಅವಳ ಹಿಂದೆಯೇ ಬಂದ ಬ್ಯಾಂಕಿನ ಮೇಡಂ ಕೊನೆಯ ಸಾಲನ್ನೂ ದಾಟಿ ಬೀದಿಗೂ ಕೇಳುವ ಹಾಗೆ ಓದಿದರು. ಪಾತ್ರ ಅವರಿಗಾಯಿತು.

ಅವನು ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದಳು.

"ಯಾರಿಗಾಯ್ತೋ ದಾದಿ ಪಾತ್ರ?"

"ಬ್ಯಾಂಕಿನವರಿಗೆ."

"ಒಳ್ಳೇ ಗಂಟಲು," ಎಂದಳು ಅಕ್ಕ. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದ.

ಹೆಂಡತಿ ಅಲ್ಲಿಗೇ ಬಂದಳು. ಅವಳದು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಸ್ವಭಾವವಲ್ಲ.

"ಅತ್ತಿಗೆಗೆ ಹೋಗಿ ಓದಿ ಅಂತ ಹೇಳಿದ್ದು ನಾನು, ಗೊತ್ತಾ? ಕನ್ನಡಿ ಮುಂದೆ ನಿಂತ್ಕೊಂಡು ಎಷ್ಟು ದಿನದಿಂದ ಓದ್ತಿದ್ರು! ಇಷ್ಟು ವರ್ಷ ಯಾಕೆ ಒಂದು ಪಾತ್ರ ಕೇಳಲಿಲ್ಲ ಅಂದ್ರೆ, 'ತಮ್ಮನಿಗೆ ಕೆಟ್ಟ ಹೆಸರು ಬರುತ್ತೆ' ಅಂತಿದ್ರು. ಈಗ ಪರದೆ ಇದೆ, ಯಾರೂ ಏನೂ ಅನ್ನೋ ಹಾಗಿಲ್ಲ ಅಂತ ಖುಷಿಯಾಗಿ ಹೋದ್ರು. ಬಂದವರು ನನ್ನ ಮುಖ ನೋಡಲಿಲ್ಲ. ಅಲ್ಲಿ ಏನಾಯ್ತು?"

"ಏನೂ ಆಗಿಲ್ಲ. ಬೇರೆಯವರು ಚೆನ್ನಾಗಿ ಓದಿದ್ರು."

"ನಿಜವಾಗಿ?"

"ಅಲ್ಲಿ ಎಲ್ಲರಿಗೂ ಒಂದೇ ನ್ಯಾಯ ಕಣೆ," ಎಂದ ಅವನು. ಹೇಳುತ್ತಿದ್ದಂತೆ ಆ ಮಾತು ಅವನ ಬಾಯಿಯಲ್ಲೇ ಕಹಿಯಾಯಿತು.

ಅಕ್ಕ ಆ ಪರದೆಗಾಗಿ ಕಾದಿದ್ದಳು. ಇವನಿಗೆ ಕೆಟ್ಟ ಹೆಸರು ಬಾರದಿರಲಿ ಎಂದು ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡಿದ್ದವಳು ಅವಳು, ಅದೇ ಕೆಟ್ಟ ಹೆಸರಿಗೆ ಹೆದರಿ ಅವಳ ಬಾಯಿ ಮುಚ್ಚಿಸಿದವನು ಇವನು. ಈ ಲೆಕ್ಕವನ್ನು ಅವನು ಎಷ್ಟು ಸಲ ಹಾಕಿದರೂ ಉತ್ತರ ಒಂದೇ ಬರುತ್ತಿತ್ತು. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಬದಲಿಸುತ್ತ, "ಇದು ಸರಿಯಾ? ಇದಾ?" ಎಂದು ಕೇಳುವಾಗ ದನಿ ಇಳಿಯುತ್ತಿತ್ತು. ಒಬ್ಬ ಅಜ್ಜನಿಗೆ ಬೇರೆಯವರ ಕನ್ನಡಕ ಕೊಟ್ಟು ಕಳಿಸಿದ. ಅವರು ಬಾಗಿಲ ಹೊಸಿಲು ಕಾಣದೆ ಎಡವಿ, ವಾಪಸ್ಸು ಬಂದು, "ನಿನ್ನ ಕಣ್ಣು ಮೊದಲು ನೋಡಿಸ್ಕೋಪ್ಪ" ಎಂದು ಬೈದು ಹೋದರು.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಮಹಡಿ ಮೆಟ್ಟಿಲು ಹತ್ತಿದ. ಮೇಲೆ ಹೋಗಿ, "ಅಕ್ಕಾ, ನೀರು ಬರ್ತಿದೆಯಾ?" ಎಂದು ಕೇಳಿ ಇಳಿದುಬಂದ. ಪಾತ್ರವನ್ನು ವಾಪಸ್ಸು ತೆಗೆದು ಅವಳಿಗೆ ಕೊಡೋಣವೆಂದರೆ ಬ್ಯಾಂಕಿನ ಮೇಡಂ ಮಾಡಿದ ತಪ್ಪಾದರೂ ಏನು? ಒಂದು ಅನ್ಯಾಯ ಮುಚ್ಚಲು ಇನ್ನೊಂದಾಗುತ್ತದೆ. ಹೀಗೆ ನ್ಯಾಯವನ್ನೇ ಅಡ್ಡ ಇಟ್ಟುಕೊಂಡು ಅವನು ದಿನ ತಳ್ಳಿದ. ಒಳಗೊಳಗೇ ಅವನಿಗೂ ಗೊತ್ತಿತ್ತು, ತಡೆಯುತ್ತಿದ್ದದ್ದು ನ್ಯಾಯವಲ್ಲ, ನಾಚಿಕೆ.

ತಾಲೀಮಿನಲ್ಲಿ ಮೇಡಂ ದಾದಿಯ ಮಾತನ್ನು ಸಾಲದ ನೋಟಿಸು ಓದಿದ ಹಾಗೆ ಓದುತ್ತಿದ್ದರು. ದೇವರಂಥ ಹೆಂಗಸು, ತನಗೆ ಬರುತ್ತಿಲ್ಲ ಎಂಬುದು ಅವರಿಗೇ ಗೊತ್ತಾಯಿತು. ಒಂದು ಸಂಜೆ ಸ್ಟೂಲಿನ ಹತ್ತಿರ ಹೋಗಿ, "ನೀವು ಮಾತು ಹೇಳ್ಕೊಡುವಾಗ ಅದು ಬೇರೆ ಥರ ಕೇಳಿಸುತ್ತಲ್ಲ, ಹೇಗೆ ಅಂತ ನನಗೂ ಕಲಿಸ್ತೀರಾ?" ಎಂದು ಅಕ್ಕನನ್ನೇ ಕೇಳಿದರು.

ಅಕ್ಕ ಟಾರ್ಚು ಆರಿಸಿ ಎದ್ದು ನಿಂತಳು. "'ಹೊರಡ್ತೀನಿ' ಅಂದ ಕೂಡಲೇ ಹೊರಡಬೇಡಿ ಮೇಡಂ. ಯಾರಾದ್ರೂ 'ಇರು' ಅಂತಾರೇನೋ ಅಂತ ಸ್ವಲ್ಪ ಕಾಯಿರಿ. ಅವಳು ಕಾಯ್ತಾಳೆ. ಯಾರೂ ಅನ್ನಲ್ಲ. ಆಮೇಲೆ ದೀಪದ ಮಾತು ಹೇಳಿ."

ಬಾಗಿಲ ಬಳಿ ನಿಂತಿದ್ದ ತಕ್ಕಡಿ ಕೇಳಿಸಿಕೊಂಡ. ಕೇಳಿಸದವನಂತೆ ಕುರ್ಚಿಗಳನ್ನು ಸರಿಮಾಡತೊಡಗಿದ.

ನಾಟಕದ ಸಂಜೆ ಹಾಲ್ ಜನರಿಂದ ತುಂಬಿತ್ತು. ಕೊನೆಯ ಅಂಕದಲ್ಲಿ ಮೇಡಂ ನಡುವೆ ಬಂದು ನಿಂತು, ತಗ್ಗಿದ ದನಿಯಲ್ಲಿ, ಒಂದೊಂದು ಕೋಣೆಯ ಬಾಗಿಲನ್ನೂ ಎಳೆದುಕೊಂಡು ಬರುವ ಹಾಗೆ ಮಾತಾಡಿದರು. "ನಾನು ಹೊರಡ್ತೀನಿ" ಎಂದರು. ಕಾದರು. ಯಾರೂ ಕೆಮ್ಮಲಿಲ್ಲ. "ದೀಪ ನೀವೇ ಹಚ್ಕೊಳ್ಳಿ" ಎಂದಾಗ ಮುಂದಿನ ಸಾಲಿನಲ್ಲಿದ್ದ ಅಂಚೆಯವನೇ ಕರ್ಚೀಫು ತೆಗೆದ. ತಕ್ಕಡಿಗೆ ಮಾತ್ರ ಕೇಳಿಸಿದ್ದು ನೀಲಿ ಪರದೆಯ ಆಚೆಯ ಓದು, ತಾನು ನಕ್ಕಿರದಿದ್ದರೆ ಹೇಗೆ ಮುಗಿಯುತ್ತಿತ್ತೋ ಹಾಗೆ. ಚಪ್ಪಾಳೆ ನಿಲ್ಲಲೇ ಇಲ್ಲ. ಅವನಿಗೆ ಎಲ್ಲಾದರೂ ಹೋಗಿ ಮುಖ ಮುಚ್ಚಿಕೊಳ್ಳೋಣ ಎನಿಸಿತು.

ಹೋಗಲು ಬಿಡಬೇಕಲ್ಲ! ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು ಅವನನ್ನು ರಂಗದ ಮೇಲೆ ಎಳೆದರು. ಇಂಥ ದಾದಿಯನ್ನು ಹುಡುಕಿದ ಬಗೆ ಎಲ್ಲ ತಂಡದವರಿಗೂ ಪಾಠವಾಗಬೇಕು, ಈ ಪರದೆಯ ಪದ್ಧತಿಯನ್ನು ನಿರ್ದೇಶಕರೇ ವಿವರಿಸಲಿ ಎಂದರು.

ಅವನು ಮೈಕಿನ ಮುಂದೆ ನಿಂತ. "ನಮ್ಮಲ್ಲಿ ಮುಖ ನೋಡೋದಿಲ್ಲ. ಸಂಬಂಧ ನೋಡೋದಿಲ್ಲ. ನಮ್ಮ ಪರದೆ ಮುಂದೆ..." ಎಂದವನು ಅಲ್ಲಿಗೇ ನಿಂತುಬಿಟ್ಟ. ಸಭೆಯಲ್ಲಿ ಯಾರೋ ಕುರ್ಚಿ ಎಳೆದರು. ಮಾತು ಮರೆತ ನಟರೆಲ್ಲ ನೋಡುವ ಕಡೆಗೇ ಅವನ ಕಣ್ಣೂ ತಾನಾಗಿ ಹೊರಳಿತು.

ಮರೆಯಲ್ಲಿ ಟಾರ್ಚು ಇನ್ನೂ ಉರಿಯುತ್ತಿತ್ತು. ಅವನೊಬ್ಬನಿಗೇ ಕೇಳುವ ಹಾಗೆ ಆ ದನಿ ಹೇಳಿಕೊಟ್ಟಿತು: "ಎಲ್ಲರಿಗೂ ಒಂದೇ ನ್ಯಾಯ."

"ಎಲ್ಲರಿಗೂ ಒಂದೇ ನ್ಯಾಯ," ಎಂದ ಅವನು. ಇಡೀ ಸಭೆಯೇ ಚಪ್ಪಾಳೆ ತಟ್ಟಿತು.

ಕೆನ್ನೆಗೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅವನ ಮಾನ ಹೋಗುವ ಹೊತ್ತಿಗೆ ಅವಳು ಹಿಂದೆಮುಂದೆ ನೋಡದೆ ಕೈ ಚಾಚಿದ್ದಳು, ಶಾಲೆಯ ಕಿಟಕಿಯಿಂದ ಚಾಚಿದ ಹಾಗೆಯೇ. ಅವಳ ಮಾನ ಹೋಗುವಾಗ ಅವನು ಮಾಡಿದ್ದೇನು?

ಜನ ಕರಗುತ್ತಿದ್ದರು. ತಂಡದವರು ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದರು. ಡಾಕ್ಟರೂ ಟೀಚರೂ ರಂಗದ ಹಿಂದೆ ಕಟ್ಟಿದ್ದ ಅದೇ ನೀಲಿ ಪರದೆಯನ್ನು ಬಿಚ್ಚಿ ಎರಡು ತುದಿ ಹಿಡಿದು ಮಡಚುತ್ತಿದ್ದರು. ತಕ್ಕಡಿ ನೇರವಾಗಿ ಸ್ಟೂಲಿನ ಬಳಿಗೆ ಹೋದ. ಅಕ್ಕನ ತೊಡೆಯ ಮೇಲೆ ನಾಟಕದ ಪುಸ್ತಕ ತೆರೆದೇ ಇತ್ತು.

"ಅಕ್ಕಾ, ಆವತ್ತು ನಾನು..." ಎಂದ. ಅಭ್ಯಾಸಬಲ ನೋಡಿ, ಮುಂದಿನ ಮಾತಿಗಾಗಿ ಅವಳ ತುಟಿಯನ್ನೇ ನೋಡುತ್ತ ನಿಂತ.

ಅಕ್ಕ ಪುಸ್ತಕ ಮುಚ್ಚಿದಳು. ಟಾರ್ಚು ಆರಿಸಿದಳು.

"ಇದನ್ನ ನಾನು ಹೇಳ್ಕೊಡಲ್ಲ ಕಣೋ. ನೀನೇ ಹೇಳ್ಬೇಕು."

ಅವನು ನೆಲ ನೋಡಿಕೊಂಡು ಹೇಳಿದ. "ನಿನ್ನ ದನಿ ಅಂತ ಗೊತ್ತಾಗಿಯೇ ನಕ್ಕೆ. ಎಲ್ಲರಿಗಿಂತ ಚೆನ್ನಾಗಿ ಓದಿದ್ದು ನೀನು. ನಾನು ಹೆದರಿಬಿಟ್ಟೆ. ತಪ್ಪಾಯ್ತು ಅಕ್ಕಾ."

ಅಕ್ಕ ಅವನನ್ನೇ ನೋಡಿದಳು. ಕಣ್ಣು ತುಂಬಿತ್ತು, ಆದರೆ ಒರೆಸಿಕೊಳ್ಳಲಿಲ್ಲ. ಕುರ್ಚಿ ಮಡಚುತ್ತಿದ್ದವರ ಕಡೆಗೆ ಗಲ್ಲ ಎತ್ತಿ ತೋರಿಸಿದಳು.

"ನೀನು ನಕ್ಕಿದ್ದು ನನಗೆ ಪರದೆ ಆಚೆಗೂ ಕೇಳಿಸಿತ್ತು. ಈಗ ಜೋರಾಗಿ ಹೇಳು. ಕೊನೇ ಸಾಲಿಗೂ ಕೇಳ್ಬೇಕು."

ತಕ್ಕಡಿ ತಂಡದವರ ಕಡೆಗೆ ತಿರುಗಿದ. ಅಂಚೆಯವನೂ ಅಲ್ಲೇ ಇದ್ದ. ಮೊದಲ ಮಾತಿಗೇ ಡಾಕ್ಟರ ಕೈಯಿಂದ ಪರದೆಯ ತುದಿ ಜಾರಿ ನೆಲಕ್ಕೆ ಬಿತ್ತು. ಅವನು ನಿಲ್ಲಿಸದೆ ಎಲ್ಲವನ್ನೂ ಹೇಳಿ ಮುಗಿಸಿದ.