ಆಯಿಯ ಹೆಬ್ಬೆಟ್ಟು

ಉಪ್ಪು ಹಾಕಿಟ್ಟ ಬಂಗಡೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ಒಂಬತ್ತನೇ ತರಗತಿಯ ವಿಜ್ಞಾನದ ನೋಟುಬುಕ್ಕು ನೆನಪಾಗುತ್ತದೆ. ನಿಮಗೂ ಅಂಥದ್ದೊಂದು ವಾಸನೆ ಇದ್ದೀತು. ಅಂಕೋಲೆ ಪಕ್ಕದ ಕೇಣಿಯ ನಮ್ಮ ಮನೆಯಲ್ಲಿ ಪುಸ್ತಕ ಇಡಲು ಬೇರೆ ಜಾಗವೆಲ್ಲಿತ್ತು? ಮೀನಿನ ಭರಣಿಗಳ ಮೇಲಿನ ಹಲಗೆಯೇ ನನ್ನ ಕಪಾಟು. ಆ ಮನೆ ಈಗಿಲ್ಲ, ಭರಣಿಗಳೂ ಇಲ್ಲ. ನೋಟುಬುಕ್ಕೊಂದು ನನ್ನ ಹತ್ತಿರ ಉಳಿದಿದೆ.

ಕಾರವಾರದಿಂದ ಬಸ್ಸಿನಲ್ಲಿ ಅಂಕೋಲೆಯ ನಮ್ಮ ಹೈಸ್ಕೂಲಿಗೆ ಬರುತ್ತಿದ್ದ ವಿಜ್ಞಾನದ ಅಕ್ಕೋರು ಉಳಿದವರಂತೆ ಪ್ರಶ್ನೋತ್ತರ ಬರೆಸುತ್ತಿರಲಿಲ್ಲ. ಮನೆಯವರಿಂದ ಒಂದು ಪ್ರಶ್ನೆ ಕೇಳಿಕೊಂಡು ಬರಬೇಕು, ಪಾಠ ಓದಿ ಅವರಿಗೇ ಕಾಗದ ಬರೆದ ಹಾಗೆ ಉತ್ತರ ಬರೆಯಬೇಕು, ಓದಿ ಹೇಳಬೇಕು. ತಿಳಿಯಿತು ಎಂದು ಮನೆಯವರು ಸಹಿ ಹಾಕಿದ ಮೇಲೆಯೇ ಅಂಕ. ನನ್ನ ಆಯಿ, ಅಂದರೆ ಅಮ್ಮ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಾಲ್‌ಪೆನ್ನಿನಿಂದ ಅವಳ ಎಡ ಹೆಬ್ಬೆರಳಿಗೆ ಗೀಚಿ ಗೀಚಿ ನೀಲಿ ಮಾಡಿ ನಾನೇ ಒತ್ತಿಸುತ್ತಿದ್ದೆ. ಮೀನು ಕೊಯ್ಯುವ ಮೆಟ್ಟುಗತ್ತಿ ತಾಗಿದ ಹಳೆಯ ಗಾಯದ ಗೆರೆ ಅದರಲ್ಲಿ ಅಡ್ಡಲಾಗಿ ಬೀಳುತ್ತಿತ್ತು. ಆದರೆ ಅಷ್ಟು ಸುಲಭಕ್ಕೆ ಒತ್ತುವವಳೇ ಅವಳು! "ತಡಿಯೆ, ಇನ್ನೊಂದ್ಸಲ ಓದು. ನಂಗೆ ತಿಳಿಲಿಲ್ಲ" ಎಂದು ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಪೇಟೆಯಲ್ಲಿ ಮೀನು ಮಾರಿ ದಣಿದು ಬಂದವಳು, ಆ ಓದಿಗಾಗಿ ಕೈಕಾಲು ತೊಳೆದು, ಸೆರಗು ಸರಿಮಾಡಿಕೊಂಡು ಕೂರುತ್ತಿದ್ದಳು.

ಒಂದು ದಿನ ಕೇಳಿದಳು: "ಬಂಗ್ಡೆಗೆ ಬರೀ ಉಪ್ಪು ಹಾಕ್ತೆ, ಒಂದ್ ಹನಿ ನೀರು ಹಾಕುದಿಲ್ಲ. ಬೆಳಗಾಗೂದ್ರೊಳಗೆ ಭರಣಿ ತುಂಬ ನೀರು. ಅದು ಎಲ್ಲಿಂದ ಬತ್ತದೆ ಮಗಾ?" ಅಕ್ಕೋರಿಗೆ ಹೇಳಿದರೆ ಹಿಗ್ಗಿಬಿಟ್ಟರು. "ನಿನ್ನ ಆಯಿ ಕೇಳಿದ್ದು ಅಭಿಸರಣೆಯ ಪಾಠವನ್ನೇ ಮಾರಾಯ್ತಿ!" ನಾನು ಎರಡು ಪುಟ ಬರೆದೆ. ಅದೇ ದಿನ ತರಗತಿಯಲ್ಲಿ ಪಕ್ಕದವಳು ನನ್ನ ನೋಟುಬುಕ್ಕು ತೆರೆದು ಮೂಗು ಮುಚ್ಚಿಕೊಂಡಳು. "ಇದೆಂತದೆ, ಪುಸ್ತಕನೋ ಒಣಮೀನೋ?" ಬೆಂಚಿಗೆ ಬೆಂಚೇ ನಕ್ಕಿತು. ಅವರ ಪುಟಗಳಲ್ಲೆಲ್ಲ ಅಪ್ಪಂದಿರ ಚೆಂದದ ಸಹಿ. ಸಿಟ್ಟು ಬಂದದ್ದು ಯಾರ ಮೇಲೆ ಅಂತೀರಿ? ಆಯಿಯ ಮೇಲೆ. ಅವಳಿಗೆ ಓದಿ ಹೇಳಲೇ ಇಲ್ಲ, ನನ್ನದೇ ಹೆಬ್ಬೆಟ್ಟು ಒತ್ತಿದೆ. "ಉಪ್ಪಿಂದು ಬರದ್ಯೇನೆ?" ಎಂದು ಸಂಜೆ ಅವಳು ಕೇಳಿದರೆ, "ಅದೆಲ್ಲ ಪಾಠದಲ್ಲಿ ಇಲ್ಲ" ಎಂದುಬಿಟ್ಟೆ. "ಹೌದಾ" ಎಂದು ಮೀನು ತೊಳೆಯಲು ಹೋದಳು.

ಅಕ್ಕೋರು ಬೈಯಲಿಲ್ಲ. ಅಂಕವನ್ನೂ ಹಾಕದೆ, ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಚೌಕ ಬರೆದಿದ್ದರು. "ಇದರಲ್ಲಿ ಗಾಯದ ಗೆರೆ ಇಲ್ಲ. ಆಯಿಗೆ ಓದಿ ಹೇಳಿ, ಇಲ್ಲಿ ಒತ್ತಿಸಿಕೊಂಡು ಬಾ." ಎಂಥ ಪೊಗರು ನನಗೆ! ನಾಳೆ, ನಾಡಿದ್ದು ಎಂದು ವಾರ ಕಳೆದೆ. ಅಷ್ಟರಲ್ಲಿ ಆಯಿಗೆ ಜ್ವರ ಏರಿ ಕಾರವಾರದ ಆಸ್ಪತ್ರೆಗೆ ಸೇರಿಸಿದರು. ನೋಟುಬುಕ್ಕು ಹಿಡಿದುಕೊಂಡೇ ಹೋದೆ. ಹಾಸಿಗೆಯ ಪಕ್ಕ ಕೂತು ಎರಡೂ ಪುಟ ಓದಿದೆ: ಆಯೀ, ಆ ನೀರು ಮೀನಿನ ಒಳಗೇ ಇತ್ತು, ಹೊರಗಿನ ಉಪ್ಪು ಅದನ್ನು ಎಳೆದುಕೊಳ್ಳುತ್ತದೆ. ಅವಳಿಗೆ ಎಚ್ಚರವಿರಲಿಲ್ಲ. ಮತ್ತೊಮ್ಮೆ ಓದಿದೆ. ತಿಳಿಲಿಲ್ಲ, ಇನ್ನೊಂದ್ಸಲ ಓದು ಅನ್ನಲಿ ಎಂದು ಕಾದೆ. ಮಾರನೆಯ ದಿನ ಅವಳು ಹೋಗಿಬಿಟ್ಟಳು.

ಓದಿ ಹೇಳಿದ ಆ ಸಂಜೆ ಅವಳ ಹೆಬ್ಬೆರಳು ನನ್ನ ಕೈಯಲ್ಲೇ ಇತ್ತು, ಪೆನ್ನೂ ಇತ್ತು. ತಿಳಿಯಿತು ಎಂದು ಅವಳು ಹೇಳದೆ ಒತ್ತಿಸುವುದು ಹೇಗೆ? ಚೌಕ ಇವತ್ತಿಗೂ ಖಾಲಿ ಇದೆ.