ಮಾವ ಕೂರುವ ಎತ್ತರ

ನಮ್ಮ ಮನೆಯ ಕಾರನ್ನು ನಾನು ತಗ್ಗಿಸಿದ್ದು ವೇಗಕ್ಕಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಯಾರಾದರೂ ಕೇಳಿದರೆ, ಧಣಿಗಳ ದರ್ಪ ಇಳಿಸಲು ಹೂಡಿದ ಉಪಾಯ ಅದು ಎಂದು ಅವರೇ ಅರ್ಥ ಹಚ್ಚಿಕೊಳ್ಳುತ್ತಾರೆ. ಅಂಥ ಉದ್ದೇಶ ನನಗೆ ಇರಲಿಲ್ಲ. ಕಾರಡ್ಕ ದಾಟಿದ ಮೇಲೆ ಇಳಿಜಾರಿನಲ್ಲಿ ಒಂದು ತಿರುವು ಇತ್ತು. ಅದನ್ನು ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ದಾಟಬೇಕೆಂಬುದು ನನ್ನ ಆಸೆ. ಅಷ್ಟೇ. ಅದಕ್ಕೆ ಇಂದಿಗೂ ಬೇರೆ ಸಮರ್ಥನೆ ಕೊಡುವ ಮನಸ್ಸಿಲ್ಲ.

ಕಾರು ನನ್ನ ತಾಯಿಯ ಅಣ್ಣನದು. ನಮ್ಮದು ಅಳಿಯಸಂತಾನದ ಮನೆ. ಮನೆತನ ಮುಂದುವರಿಯುವುದು ಹೆಣ್ಣುಮಕ್ಕಳಿಂದ, ಯಜಮಾನಿಕೆ ಮಾತ್ರ ಮಾವನದು. ಸ್ವಾತಂತ್ರ್ಯ ಬಂದ ಮೇಲೆ ಕೊಡಗಿನ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ತೆರೆದ ಕಾರು ಅದು. ಎತ್ತರದ ಕಾರು. ಮಾವ ಹಿಂದಿನ ಸೀಟಿನ ಎಡಬದಿಯಲ್ಲಿ ಕೂತರೆ ಅವರ ತಲೆ ದಾರಿಯಲ್ಲಿ ನಿಂತವರ ತಲೆಗಿಂತ ಮೇಲೆ ಇರುತ್ತಿತ್ತು. ಒಕ್ಕಲುಗಳು ರಸ್ತೆಯಿಂದ ಚರಂಡಿಗೆ ಇಳಿದು, ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಕಂಕುಳಿಗೆ ಸೇರಿಸಿ, ಕತ್ತೆತ್ತಿ ನೋಡುತ್ತಿದ್ದರು. ಮಾವ ತಿರುಗಿ ನೋಡುತ್ತಿರಲಿಲ್ಲ, ಕಾಣಿಸಿಕೊಳ್ಳುತ್ತಿದ್ದರು.

ಹಳೆಯ ಡ್ರೈವರು ನನಗೆ ಕಾರು ಕಲಿಸಿ ಬಸ್ಸಿನ ಕೆಲಸಕ್ಕೆ ಹೋಗಿಬಿಟ್ಟಿದ್ದ. ಮನೆಯಲ್ಲಿ ಕಾರು ಬಿಡಲು ಬರುತ್ತಿದ್ದುದು ನನಗೊಬ್ಬಳಿಗೇ. ಮಾವನಿಗೆ ಅದು ಇಷ್ಟವಿರಲಿಲ್ಲ, ಆದರೆ ಕಾಸರಗೋಡಿನ ಕೋರ್ಟಿನಲ್ಲಿ ಜಾಗದ ವ್ಯಾಜ್ಯ ಇತ್ತು, ಹೋಗಲೇಬೇಕಿತ್ತು.

ತಿರುವಿನಲ್ಲಿ ಆ ಕಾರು ಸರಕು ಹೆಚ್ಚಾದ ದೋಣಿಯ ಹಾಗೆ ಹೊರಕ್ಕೆ ವಾಲುತ್ತಿತ್ತು. ಒಳಬದಿಯ ಚಕ್ರ ನೆಲ ಬಿಡಲು ಹೊರಟದ್ದು ನನ್ನ ಅಂಗೈಗೆ ತಿಳಿಯುತ್ತಿತ್ತು. ಭಾರ ಮೇಲಿದ್ದರೆ ವಾಲುತ್ತದೆ, ಕೆಳಗೆ ತಂದರೆ ನಿಲ್ಲುತ್ತದೆ. ಮಳೆಗಾಲದಲ್ಲಿ ಕಾರನ್ನು ಹಟ್ಟಿಯ ಹಿಂದಿನ ಕೊಟ್ಟಿಗೆಯಲ್ಲಿ ಮುರಕಲ್ಲುಗಳ ಮೇಲೆ ಏರಿಸಿ ಇಡುವುದು ಪದ್ಧತಿ. ಮಾವ ಆ ಕಡೆ ಬರುತ್ತಿರಲಿಲ್ಲ. ನಾನು ಕಬ್ಬಿಣದ ಕೆಲಸದ ಆಚಾರಿಯನ್ನು ಕರೆಸಿದೆ.

ಕಾರನ್ನು ಹೊತ್ತಿರುವುದು ಉಕ್ಕಿನ ಪಟ್ಟಿಗಳ ಕಟ್ಟುಗಳು. ನಾವು ಅವನ್ನು ಪ್ಲೇಟು ಎನ್ನುತ್ತಿದ್ದೆವು. ನಡು ಕೆಳಗೆ, ತುದಿಗಳು ಮೇಲೆ, ದೋಣಿಯ ಅಡಿಯ ಬಾಗಿನ ಹಾಗೆ. ನಡುವಿಗೆ ಚಕ್ರದ ಆಕ್ಸಲು ಬಿಗಿದಿರುತ್ತದೆ. ಆ ಬಾಗನ್ನು ಚಪ್ಪಟೆ ಮಾಡಿದಷ್ಟೂ ಕಾರು ಕೆಳಗೆ ಬರುತ್ತದೆ. ಕಾಯಿಸಿದರೆ ಉಕ್ಕಿನ ಜೀವ ಹೋಗುತ್ತದೆಂದು ಆಚಾರಿ ತಣ್ಣಗೇ ಬಡಿದ, ಎರಡೂ ಬದಿಗೆ ಲೆಕ್ಕ ಹಿಡಿದು ಸಮ ಪೆಟ್ಟು. ಮುಂದಿನದು ಯಾವ ತಕರಾರೂ ಇಲ್ಲದೆ ಕೂತಿತು. ಕತೆ ಇರುವುದು ಹಿಂದಿನದರಲ್ಲಿ.

ಮಳೆ ಬಿಟ್ಟ ಮೇಲಿನ ಮೊದಲ ಕೋರ್ಟಿನ ದಿನ ಮಾವ ಕೋಟು ಹಾಕಿಕೊಂಡು ಬಂದರು. ಹತ್ತಲು ಎತ್ತಿದ ಕಾಲು ಏನೂ ಸಿಗದೆ ಕೆಳಗೆ ಬಂತು. ಕೂತರು. ಸುತ್ತ ನೋಡಿದರು.

“ಇದು ಎಂತ? ಚಾಪೆಯಲ್ಲಿ ಕೂತ ಹಾಗೆ ಆಗ್ತದೆ.”

“ಕಾರು ಸ್ವಲ್ಪ ತಗ್ಗಿದೆ ಮಾವ.”

“ತಗ್ಗಿದ್ದಾ, ತಗ್ಗಿಸಿದ್ದಾ?”

“ತಗ್ಗಿಸಿದ್ದು.”

ಈ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ಬರುವಾಗ ಅವು ಸ್ವಲ್ಪ ಚುರುಕಾಗಿವೆ ಎಂಬ ಅನುಮಾನ ನನಗಿದೆ. ನಿಜವಾಗಿ ಆಗ ನಾನು ತೊದಲಿರಲೂಬಹುದು.

ದಾರಿಯಲ್ಲಿ ನಮ್ಮ ಹಳೆಯ ಒಕ್ಕಲಿನವನೊಬ್ಬ ಎದುರಾದ. ಅಭ್ಯಾಸಬಲದಿಂದ ಬೈರಾಸು ಇಳಿಸಿ ಮೇಲೆ ನೋಡಿದ. ಅಲ್ಲಿ ಗಾಳಿ ಮಾತ್ರ ಇತ್ತು. ನಾನು ನಿಧಾನಿಸಿದ್ದು ಕಂಡು ಬಗ್ಗಿ ನನ್ನನ್ನು ಕೇಳಿದ: “ಅಕ್ಕಾ, ಧಣಿ ಬರ್ಲಿಲ್ವಾ?”

“ಇಲ್ಲೇ ಇದ್ದೇನೆ ಮಾರಾಯ!” ಎಂದರು ಮಾವ, ಅವನ ಸೊಂಟದ ಮಟ್ಟದಿಂದ.

ಅಷ್ಟೇ ಆಗಿದ್ದರೆ ನಾನು ವಾದಿಸಿ ಗೆಲ್ಲುತ್ತಿದ್ದೆ. ಆದರೆ ಕಾರು ನೇರ ಹೋಗುತ್ತಿರಲಿಲ್ಲ. ಮೂಗು ಬಲಕ್ಕೆ, ನಡೆ ಎಡಕ್ಕೆ. ಸ್ಟೀರಿಂಗನ್ನು ಉದ್ದಕ್ಕೂ ಎಡಕ್ಕೆ ಹಿಡಿದೇ ಇರಬೇಕಾಯಿತು. ತಿರುವಿನಲ್ಲಿ ಕಾಲು ತೆಗೆಯದಿರುವ ಮಾತು ಹಾಗಿರಲಿ, ಬ್ರೇಕನ್ನೇ ತುಳಿದೆ. ಸಂಜೆ ಮನೆಯೆದುರಿನ ಹಸಿ ಮಣ್ಣಿನಲ್ಲಿ ಎರಡು ಗೆರೆ ಮೂಡಬೇಕಾದಲ್ಲಿ ನಾಲ್ಕು ಮೂಡಿದವು. ಹಿಂದಿನ ಚಕ್ರಗಳು ಮುಂದಿನವುಗಳ ಜಾಡು ಬಿಟ್ಟು ಎಡಕ್ಕೆ ಸರಿದು ನಡೆದಿದ್ದವು.

ಮಾವ ಊರುಗೋಲಿನಿಂದ ಗೆರೆಗಳನ್ನು ತೋರಿಸಿದರು. “ಕಾರು ಸಾಕಿದ್ದಾ, ಏಡಿ ಸಾಕಿದ್ದಾ?”

“ಸರಿ ಮಾಡ್ತೇನೆ.”

“ಮೊಗ್ರಾಲಿನ ಮೀನಿನ ವ್ಯಾಪಾರಿ ಕೇಳ್ತಾ ಇದ್ದಾನೆ. ಹಿಂದಿನ ಸೀಟು ಕಿತ್ತು ಮೀನಿನ ಬುಟ್ಟಿ ಇಡ್ಲಿಕ್ಕೆ ಆಗ್ತದಂತೆ. ಕೋರ್ಟಿನ ಬರುವ ವಾಯಿದೆಗೆ ಇದು ನೇರ ಹೋಗದಿದ್ರೆ ಅವನಿಗೇ.”

“ನೇರ ಹೋದ್ರೆ?”

“ಹೋದ್ರೆ ಇರ್ಲಿ.”

ಈ ‘ಇರ್ಲಿ’ಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಆ ಕಾರು ಹೋದರೆ ಆ ಮನೆಯಲ್ಲಿ ನನಗೆ ಉಳಿಯುವುದು ಅಡುಗೆಕೋಣೆಯಿಂದ ಬಾವಿಗೆ ಹೋಗುವ ದಾರಿಯೊಂದೇ. ಆ ದಾರಿಯಲ್ಲಿ ತಿರುವುಗಳಿರಲಿಲ್ಲ.

ಆಚಾರಿ ತಪ್ಪು ಒಪ್ಪಲಿಲ್ಲ. “ಪೆಟ್ಟು ಸಮ ಬಿದ್ದಿದೆ ಅಕ್ಕಾ. ರಸ್ತೆಯೇ ಓರೆ.”

ಅಂಗಳಕ್ಕೆ ಸೆಗಣಿ ಸಾರಿಸಿ ಒಣಗಿಸಿ, ಕಾರನ್ನು ಅದರ ಮೇಲೆ ತಂದು ನಿಲ್ಲಿಸಿದೆ. ಗೋಡೆ ಕಟ್ಟುವವರ ತೂಗುಗುಂಡನ್ನು ಮುಂದಿನ ಎರಡು, ಹಿಂದಿನ ಎರಡು ಚಕ್ರಗಳಲ್ಲಿ ಒಂದೊಂದರ ನಡುಬಿಂದುವಿನಿಂದ ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲೆಲ್ಲ ಸುಣ್ಣದ ಚುಕ್ಕೆ ಇಟ್ಟೆ. ಸುಣ್ಣ ಮಾವನ ವೀಳ್ಯದ ತಟ್ಟೆಯದು. ಮೂಲೆಯಿಂದ ಮೂಲೆಗೆ ಅಳೆಯಲು ಮೊದಲು ತೆಂಗಿನ ಹುರಿ ಹಿಡಿದೆ. ಹುರಿ ಎಳೆದವರು ಹೇಳಿದ ಹಾಗೆ ಕೇಳುತ್ತದೆ. ಮೀನಿನ ಗಾಳದ ದಾರ ಹಾಗಲ್ಲ. ಆ ದಾರ ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಎಡಬದಿಯ ಹಿಂದಿನ ಚಕ್ರ ಬಲದ್ದಕ್ಕಿಂತ ಒಂದು ಬೆರಳು ಹಿಂದಿದೆ.

ಯಾಕೆ? ಬಾಗಿದ್ದನ್ನು ಚಪ್ಪಟೆ ಮಾಡಿದರೆ ಅದು ಉದ್ದವಾಗುತ್ತದೆ. ಪ್ಲೇಟಿನ ಮುಂದಿನ ತುದಿ ಚಾಸಿಗೆ, ಅಂದರೆ ಕಾರಿನ ಅಡಿಯ ಚೌಕಟ್ಟಿಗೆ, ಸೇರಿ ಕದಲದೆ ಇರುತ್ತದೆ. ಹಾಗಾಗಿ ಉದ್ದವೆಲ್ಲ ಹಿಂದಕ್ಕೆ ಹೋಗುತ್ತದೆ, ಆಕ್ಸಲನ್ನೂ ಎಳೆದುಕೊಂಡು. ಎಡದ ಪ್ಲೇಟು ಹೆಚ್ಚು ಚಪ್ಪಟೆಯಾಗಿದ್ದರೆ ಆಕ್ಸಲು ಓರೆ. ಎರಡನ್ನೂ ಬಿಚ್ಚಿಸಿ, ಬಲದ್ದನ್ನು ಅಂಗಳದಲ್ಲಿ ಮಲಗಿಸಿ ಅದರ ಬಾಗನ್ನು ಸುಣ್ಣದಲ್ಲಿ ಬರೆದೆ. ಆ ಗೆರೆಯ ಮೇಲೆ ಎಡದ್ದನ್ನು ಇಟ್ಟಾಗ ನಡುವೆ ಕೈಬೆರಳು ತೂರುವಷ್ಟು ಸಂದು.

ಆಚಾರಿ ಸಂದಿಗೆ ಬೆರಳು ತೂರಿಸಿ ನೋಡಿದ. “ಪೆಟ್ಟು ಸಮವೇ ಅಕ್ಕಾ. ಉಕ್ಕು ಸಮ ಇಲ್ಲ. ಇದರಲ್ಲಿ ಒಂದು ಪಟ್ಟಿ ಯಾರೋ ಆಮೇಲೆ ಹಾಕಿದ್ದು, ಮೆತ್ತಗೆ ಉಂಟು.”

“ಹಾಗಾದ್ರೆ ರಸ್ತೆ ಓರೆ ಅಲ್ಲ?”

“ರಸ್ತೆಯೂ ಓರೆಯೇ” ಎಂದ, ಬಿಡದೆ.

ಎಡದ್ದನ್ನು ಮತ್ತೆ ಬಾಗಿಸಿ ಗೆರೆಗೆ ಕೂರಿಸಿದೆವು. ಖಾಲಿ ಕಾರು ನೇರ ಹೋಯಿತು. ನಾನು ಗೆದ್ದೆ ಎಂದುಕೊಂಡು, ತಂಗಿಯನ್ನು ಮಾವನ ಜಾಗದಲ್ಲಿ ಕೂರಿಸಿ ಒಂದು ಸುತ್ತು ಹಾಕಿದೆ. ಗೆರೆ ಒಂದಿಷ್ಟು ಎಡಕ್ಕೆ ಒಡೆದಿತ್ತು. ಕಡ್ಡಿಯಂಥ ಹುಡುಗಿಗೇ ಇಷ್ಟಾದರೆ? ಭಾರ ಬಿದ್ದಾಗ ಆ ಮೆತ್ತನೆಯ ಪ್ಲೇಟು ಇನ್ನಷ್ಟು ಚಪ್ಪಟೆಯಾಗುತ್ತದೆ, ಆಕ್ಸಲು ಮತ್ತೆ ಓರೆಯಾಗುತ್ತದೆ. ಅಳೆಯಬೇಕಾದದ್ದು ಖಾಲಿ ಕಾರನ್ನಲ್ಲ, ಮಾವ ಕೂತ ಕಾರನ್ನು.

“ಕಾರಿನಲ್ಲಿ ಭಾರಕ್ಕೆ ಇಡ್ಲಿಕ್ಕೆ ನಾನು ಎಂತ, ಅಕ್ಕಿಮುಡಿಯಾ?” ಎಂದರು ಮಾವ.

“ಮುಡಿಯೇ ಇಡಬಹುದು ಮಾವ. ಆದ್ರೆ ಎಷ್ಟು ಮುಡಿ ಇಟ್ರೆ ನೀವು ಆಗ್ತೀರಿ ಅಂತ ಅಂಗಳದಲ್ಲಿ, ಎಲ್ಲರೆದುರು ತೂಗಿ ನೋಡ್ಬೇಕಾಗ್ತದೆ.”

ಮಾವ ಬಂದು ಕೂತರು. ಗೇಣಿ ಅಕ್ಕಿಯ ವಿಷಯಕ್ಕೆ ಬಂದಿದ್ದ ಇಬ್ಬರು ಒಕ್ಕಲುಗಳು ಜಗಲಿಯ ಪಕ್ಕ ನಿಂತಿದ್ದರು. ಎಲ್ಲಿ ನೋಡಬೇಕೆಂದು ತಿಳಿಯದೆ ಅವರು ತೆಂಗಿನ ಮರ ನೋಡಿದರು. ನಾನು ಕಾರಿನ ಕೆಳಗೆ ಅಂಗಾತ ಮಲಗಿದ್ದೆ, ಸೀರೆಯ ಸೆರಗು ಸೊಂಟಕ್ಕೆ ಬಿಗಿದು. ಮಾವ ಕೂತ ಜಾಗ ನನ್ನ ಮುಖದಿಂದ ಒಂದು ಹಲಗೆಯಷ್ಟು ದೂರದಲ್ಲಿತ್ತು.

“ಉಸಿರು ಬಿಡಬಹುದಾ?”

“ಬಿಡಿ. ಅಲುಗಬೇಡಿ.”

“ನನ್ನ ಸುಣ್ಣ ಎಲ್ಲಿ?”

“ನೆಲದಲ್ಲಿ ಉಂಟು.”

“ಹೆಣ್ಣುಮಕ್ಕಳು ಅಂಗಳದಲ್ಲಿ ರಂಗೋಲಿ ಹಾಕ್ತಾರೆ. ನಮ್ಮ ಮನೆಯಲ್ಲಿ ನೋಡು.”

“ಇದೂ ಅದೇ ಮಾವ. ಚುಕ್ಕೆ ಸರಿ ಬಿದ್ದರೆ ಗೆರೆ ತಾನಾಗಿ ಕೂಡ್ತದೆ.”

ಒಕ್ಕಲುಗಳಲ್ಲೊಬ್ಬ ನಕ್ಕ. ಮಾವ ಅವನತ್ತ ನೋಡಬೇಕಾದರೆ ಕತ್ತೆತ್ತಬೇಕಾಗಿತ್ತು. ಎತ್ತಿದರು. ಅದು ನನಗೆ ಕಂಡಿರಲು ಸಾಧ್ಯವಿಲ್ಲ, ನಾನು ಕೆಳಗಿದ್ದೆ. ಆದರೂ ನನ್ನ ನೆನಪಿನಲ್ಲಿ ಅತ್ಯಂತ ಸ್ಪಷ್ಟವಾಗಿರುವ ಚಿತ್ರ ಅದೇ. ಇಂಥ ನೆನಪನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಆ ಅಳತೆಯ ಮೇಲೆ ಎಡದ ಪ್ಲೇಟಿಗೆ ಬಾಗು ಹೆಚ್ಚಿಸಿದೆವು, ಮಾವ ಕೂತಾಗ ಮಾತ್ರ ಬಲದ್ದಕ್ಕೆ ಸಮನಾಗುವಷ್ಟು. ಅವರಿಲ್ಲದಾಗ ಕಾರು ಒಂದು ಕೂದಲು ಬಲಕ್ಕೆ ಸರಿಯುತ್ತಿತ್ತು. ಅವರು ಕೂತರೆ ಎರಡೇ ಗೆರೆ.

ವಾಯಿದೆಯ ದಿನ ಹೊರಟೆವು. ಮುಳ್ಳೇರಿಯ ಕಳೆಯಿತು, ಕಾರಡ್ಕ ಕಳೆಯಿತು. ಇಳಿಜಾರು ಬಂತು. ನಾನು ಕಾಲು ತೆಗೆಯಲಿಲ್ಲ. ಕಾರು ನೆಲಕ್ಕೆ ಒತ್ತಿಕೊಂಡು, ವಾಲದೆ, ಬಾಲ ಆಡಿಸದೆ ತಿರುಗಿತು. ನನ್ನ ಅಂಗೈಯಲ್ಲಿ ಸ್ಟೀರಿಂಗು ಹಗುರವಾಗಿ, ಸುಮ್ಮನೆ ಇತ್ತು. ಹಿಂದಿನ ಸೀಟಿನಲ್ಲಿ ಮಾವ ಬಾಯಲ್ಲಿದ್ದ ವೀಳ್ಯವನ್ನು ನುಂಗಿಬಿಟ್ಟಿದ್ದರು. ಅದು ಬೇರೆ ಯಾವುದೋ ಸಲ ಆದದ್ದು ಎನ್ನುತ್ತಾಳೆ ತಂಗಿ. ಅವಳು ಆ ದಿನ ಕಾರಿನಲ್ಲಿರಲಿಲ್ಲ.

ಕೋರ್ಟಿನ ಎದುರು ಜನ ಇದ್ದರು. ಯಾರೂ ಬದಿಗೆ ಸರಿಯಲಿಲ್ಲ. ಬೇಕೆಂದು ಅಲ್ಲ, ಅವರಿಗೆ ಮಾವ ಕಾಣಲಿಲ್ಲ, ಅಷ್ಟೇ. ಕೊನೆಗೆ ಮಾವ ಮೊಣಕಾಲು ಹಿಡಿದು, ಬಾಗಿಲ ಅಂಚಿಗೆ ಕೈಕೊಟ್ಟು, ಹೊಂಡದಿಂದ ಹತ್ತುವವರ ಹಾಗೆ ಎದ್ದು ನಿಂತರು.

ಮನೆಗೆ ಮರಳಿದ ಮೇಲೆ ನೆಲ ನೋಡಿದರು. ಎರಡು ಗೆರೆ.

“ನೇರ ಹೋಗ್ತದೆ” ಎಂದರು.

“ಹಾಗಾದ್ರೆ ಮೀನಿನವನಿಗೆ ಇಲ್ಲ.”

“ಮಾತು ಮಾತೇ. ಕೊಡುವುದಿಲ್ಲ. ಆದ್ರೆ ಮೊದಲಿನ ಹಾಗೆ ಎತ್ತರ ಮಾಡು.”

“ಎತ್ತರದ ಮಾತು ಇರ್ಲಿಲ್ಲ.”

“ಈಗ ಉಂಟು.”

“ಆಗುವುದಿಲ್ಲ ಮಾವ.”

ಆ ಮನೆಯಲ್ಲಿ ಹಾಗೆ ಹೇಳುವ ಪದ್ಧತಿ ಇರಲಿಲ್ಲ. ತಾಯಿ ಬಾಗಿಲಲ್ಲಿ ಕಾಣಿಸಿಕೊಂಡು ಹಾಗೇ ಒಳಗೆ ಸರಿದರು.

“ಯಜಮಾನನಿಗೆ ಹೇಳುವ ಮಾತಾ ಇದು?”

“ಈ ಮನೆ ನನ್ನ ಹೊಟ್ಟೆಯಿಂದ ಮುಂದೆ ಹೋಗ್ಬೇಕು ಅಂತೀರಲ್ಲ. ಕಾರು ನನ್ನ ಕಾಲಿನಿಂದ ಹೋಗ್ಲಿ. ನಿಮಗೆ ಕಾಣಿಸ್ಬೇಕು, ನನಗೆ ಓಡಿಸ್ಬೇಕು. ಒಂದು ಕಾರಿನಲ್ಲಿ ಎರಡೂ ಆಗುವುದಿಲ್ಲ.”

ಮಾವ ಯಾರಿಗೂ ಬೈಯಲಿಲ್ಲ, ಊಟವನ್ನೂ ಬಿಡಲಿಲ್ಲ. ಮುಂದಿನ ವಾಯಿದೆಯ ದಿನ ನಾನು ಕಾರನ್ನು ಅಂಗಳಕ್ಕೆ ತಂದು ಕಾದಿದ್ದಾಗ, ಕೋಟು ಹಾಕಿಕೊಂಡು ನನ್ನ ಪಕ್ಕದಿಂದಲೇ ನಡೆದುಹೋದರು. ರಸ್ತೆಯಲ್ಲಿ ಬಸ್ಸಿಗೆ ಕೈ ತೋರಿಸಿದರು. ನಮ್ಮ ಹಳೆಯ ಡ್ರೈವರು ಬಸ್ಸು ನಿಲ್ಲಿಸಿ, ತನ್ನ ಪಕ್ಕದ ಸೀಟಿನಲ್ಲಿದ್ದವರನ್ನು ಎಬ್ಬಿಸಿದ. ಮಾವ ಹತ್ತಿ ಕೂತರು. ಆ ಸೀಟು ನಮ್ಮ ಕಾರು ಹಿಂದೆಂದೂ ಇದ್ದುದಕ್ಕಿಂತ ಎತ್ತರ. ಅಲ್ಲಿಂದ ಊರೆಲ್ಲ ಕಾಣುತ್ತದೆ, ಊರಿಗೆಲ್ಲ ಕಾಣಬಹುದು. ಮತ್ತೆ ಅವರು ನನ್ನ ಕಾರು ಹತ್ತಲಿಲ್ಲ.

ಮೊಣಕಾಲು ನೋವಿನಿಂದ ಹಾಗೆ ಮಾಡಿದರು, ತಗ್ಗಿನ ಸೀಟಿನಿಂದ ಏಳಲು ಆಗುತ್ತಿರಲಿಲ್ಲ ಎಂದು ತಂಗಿ ಇಂದಿಗೂ ವಾದಿಸುತ್ತಾಳೆ. ಇರಬಹುದು. ಮೊಣಕಾಲು ಹಿಡಿದು ಎದ್ದದ್ದನ್ನು ನಾನೂ ನೋಡಿದ್ದೇನೆ. ಅದಕ್ಕಾಗಿ ಕಾರನ್ನು ಎತ್ತರಿಸುತ್ತಿದ್ದೆನೇ ಎಂದು ಕೇಳಿದರೆ, ಇಲ್ಲ.

ಮಾವನ ಭಾರಕ್ಕೆ ಕೂರಿಸಿದ ಕಾರು ಈಗ ನನ್ನೊಬ್ಬಳ ಕೈಯಲ್ಲಿ ಬಲಕ್ಕೆ ಸರಿಯುತ್ತಿತ್ತು. ಆಚಾರಿಯನ್ನು ಮತ್ತೆ ಕರೆಸಿದೆ. ಅಂಗಳ ಸಾರಿಸಿ, ಚುಕ್ಕೆ ಇಟ್ಟು, ದಾರ ಎಳೆದೆವು. ಹಿಂದಿನ ಸೀಟಿನಲ್ಲಿ ಯಾರನ್ನು ಕೂರಿಸುವುದು ಎಂದು ಕೇಳಿದ. ಯಾರೂ ಬೇಡ ಎಂದೆ. ಅವನು ಬಡಿದ, ನಾನು ಸ್ಟೀರಿಂಗಿನ ಹಿಂದೆ ಕೂತು ಅಳತೆ ಕೊಟ್ಟೆ.

ಆ ವಾರವೇ ಕಾರಡ್ಕ ದಾಟಿದ ಮೇಲೆ ಬಸ್ಸು ನನ್ನ ಮುಂದೆ ಸಿಕ್ಕಿತು, ನಿಧಾನವಾಗಿ ಅದೇ ಇಳಿಜಾರಿನತ್ತ ಹೋಗುತ್ತಾ. ಮುಂದಿನ ಸೀಟಿನಲ್ಲಿ ಕೋಟಿನ ಭುಜ ಕಂಡಿತು. ತಿರುವಿಗೆ ಮೊದಲು ಹಾರ್ನ್ ಒತ್ತಿದೆ. ಡ್ರೈವರು ನಗುತ್ತಾ ಬದಿ ಕೊಟ್ಟ. ಮಾವ ಕೆಳಗೆ ನೋಡಲಿಲ್ಲ. ನಾನೂ ಮೇಲೆ ನೋಡಲಿಲ್ಲ, ಕಾಲು ತೆಗೆಯಲೂ ಇಲ್ಲ.