ಹನ್ನೆರಡಕ್ಕೆ ಹನ್ನೆರಡೂ ಪಾಸು

ಸಾಂಕ್ರಾಮಿಕ ರೋಗಗಳ ಸಂಶೋಧನಾಲಯದ ಮೊದಲ ಮಹಡಿಯಲ್ಲಿ ಆರು ಮಹಾನ್ ವಿಜ್ಞಾನಿಗಳ ಪಟಗಳಿದ್ದವು. ಎಲ್ಲರಿಗೂ ಗಡ್ಡ, ಎಲ್ಲರ ಕೈಯಲ್ಲೂ ಒಂದೊಂದು ಸೀಸೆ, ಎಲ್ಲರ ದೃಷ್ಟಿಯೂ ದೂರದಲ್ಲೆಲ್ಲೋ. ಆರನೆಯ ಪಟದ ಪಕ್ಕದಲ್ಲಿ ಒಂದು ಬರಿ ಮೊಳೆ. ಅದನ್ನು ಹೊಡೆಸಿದವರು ಈಗಿನ ಡೈರೆಕ್ಟರು. ಯಾತಕ್ಕೆ ಎಂದು ಅವರು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಆ ವರ್ಷವೇ ಅವರೂ ಗಡ್ಡ ಬಿಡತೊಡಗಿದ್ದರಿಂದ ಕೇಳುವ ಅಗತ್ಯ ಬಿದ್ದಿರಲಿಲ್ಲ.

ಪಟಗಳ ದೂಳು ಒರೆಸುವುದು ಸೀಸೆ ಅಕ್ಕನ ಕೆಲಸ. ಅವಳ ಅಸಲು ಕೆಲಸ ಕೆಳಗಿನ ಕೋಣೆಯಲ್ಲಿ ಗಾಜು ತೊಳೆಯುವುದು. ಒಂಬತ್ತು ವರ್ಷದಿಂದ ಸೀಸೆ, ನಳಿಕೆ, ತಟ್ಟೆ ತೊಳೆದು ತೊಳೆದು, ಅವಳಿಗಿಂತ ಹಿರಿಯರೂ ಅವಳನ್ನು ಸೀಸೆ ಅಕ್ಕ ಎಂದೇ ಕರೆಯುವಂತಾಗಿತ್ತು. ಒಂಬತ್ತು ವರ್ಷವೂ ತಾತ್ಕಾಲಿಕವೇ. ಈಗ ಕೊನೆಗೂ ಅವಳನ್ನು ಕಾಯಂ ಮಾಡುವ ಪತ್ರ ಡೈರೆಕ್ಟರ ಮೇಜಿಗೆ ಬಂದಿತ್ತು. ಬಾಕಿ ಇದ್ದದ್ದು ಒಂದು ರುಜು.

ಅಕ್ಕನಿಗೆ ಒಂದು ಚಟವಿತ್ತು, ಕೇಳುವುದು. ಈ ಗಡ್ಡದವರ ಸೀಸೆಗಳನ್ನೆಲ್ಲ ತೊಳೆದವರು ಯಾರು ಎಂದು ಒಮ್ಮೆ ಮೇಲಿನ ಕೋಣೆಯ ಸಂಶೋಧಕಿಯನ್ನು ಕೇಳಿದ್ದಳು. ಆ ಹುಡುಗಿ ಬಹಳ ಓದಿದವಳು. ಎರಡು ದಿನ ಪುಸ್ತಕ ತಿರುವಿ, ಅದನ್ನು ಯಾರೂ ಬರೆದಿಟ್ಟಿಲ್ಲ ಅಕ್ಕ ಎಂದು ಕೈಚೆಲ್ಲಿದಳು. ಅಂದಿನಿಂದ ಇಬ್ಬರಿಗೂ ಗೆಳೆತನ.

ಡೈರೆಕ್ಟರ ಸಂಶೋಧನೆ ಮಣ್ಣಿನದು. ಹನ್ನೆರಡು ಕಡೆಯಿಂದ ಮಣ್ಣು ತರಿಸಿ, ಅದರಲ್ಲಿ ಬೆಳೆಯುವ ಬೂಷ್ಟಿನ ರಸ ತೆಗೆದು, ಕಿರಿಕುತ್ತಿಗೆಯ ಹನ್ನೆರಡು ಸೀಸೆಗಳಲ್ಲಿ ತುಂಬಿಸಿದ್ದರು. ರೋಗಾಣು ಬೆಳೆಸಿದ ತಟ್ಟೆಯ ಮೇಲೆ ಆ ರಸದ ತೊಟ್ಟಿಟ್ಟರೆ, ರಸದಲ್ಲಿ ಸತ್ವವಿದ್ದಲ್ಲಿ ಸುತ್ತಲಿನ ರೋಗಾಣು ಸತ್ತು, ಮಸುಕು ತಟ್ಟೆಯಲ್ಲಿ ಒಂದು ತಿಳಿಯಾದ ಬಳೆ ಮೂಡುತ್ತದೆ. ಹೋಲಿಕೆಗೆಂದು ಪಕ್ಕದಲ್ಲಿ ದೊಡ್ಡ ಜಾಡಿಯಿಂದ ತೆಗೆದ ಬರಿ ನೀರಿನ ತೊಟ್ಟು.

ನೀರಿನ ಸುತ್ತ ಏನೂ ಆಗಲಿಲ್ಲ. ಹನ್ನೆರಡು ರಸಗಳ ಸುತ್ತಲೂ ಬಳೆ ಮೂಡಿತು. ಮತ್ತೆ ಮಾಡಿದರು, ಮತ್ತೆ ಹನ್ನೆರಡೂ ಮೂಡಿದವು. ಡೈರೆಕ್ಟರ ಕಾಲು ನೆಲದ ಮೇಲಿರಲಿಲ್ಲ. ಸೋಮವಾರ ಪತ್ರಿಕೆಯವರನ್ನು ಕರೆಸುವುದೆಂದಾಯಿತು.

ಅಕ್ಕ ಮನೆಗೆ ಬಂದು ಬಸ್ ಓಡಿಸುವ ಗಂಡನಿಗೆ ವರದಿ ಒಪ್ಪಿಸಿದಳು.

"ಹನ್ನೆರಡಕ್ಕೆ ಹನ್ನೆರಡೂ ಪಾಸು ಅಂದ್ರೆ ಹೇಗ್ರೀ? ನಮ್ಮ ಮಗಳ ಕ್ಲಾಸಲ್ಲೂ ಹಾಗಾಗಲ್ಲ."

"ಆದ್ರೆ ಪೇಪರ್ ಲೀಕಾಗಿದೆ ಅಂತ ಲೆಕ್ಕ," ಎಂದ ಗಂಡ, ಷರ್ಟಿನ ಗುಂಡಿ ಬಿಚ್ಚುತ್ತ. "ನಿನಗ್ಯಾಕೆ ಅದೆಲ್ಲ? ರುಜು ಬೀಳೋವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರು ಮಾರಾಯ್ತಿ."

ಬಾಯಿಗೆ ಬೀಗ ಹಾಕಬಹುದು, ತಲೆಗೆ ಎಲ್ಲಿಯದು? ಮರುದಿನ ತೊಳೆದಿಟ್ಟಿದ್ದ ಕಿರಿಕುತ್ತಿಗೆಯ ಸೀಸೆಯೊಂದಕ್ಕೆ ಅಕ್ಕ ಸುಮ್ಮನೆ ಒಂದಿಷ್ಟು ನೀರು ಹಾಕಿ ಕುಲುಕಿದಳು. ಸಣ್ಣಗೆ ನೊರೆ ಬಂತು. ತೊಳೆದದ್ದರ ಅಂಶ ಒಳಗೇ ಉಳಿದಿತ್ತು.

ಹಳೆಯ ಸೋಪುಪುಡಿಯಿಂದ ಅವಳ ಬೆರಳುಗಳು ಬಿರಿದುಹೋಗಿದ್ದವು. ಒಂದು ತಿಂಗಳಿನಿಂದ ಪಕ್ಕದ ಆಸ್ಪತ್ರೆಯ ಆಯಾ ಕೊಟ್ಟ ಗುಲಾಬಿ ಬಣ್ಣದ ದ್ರಾವಣದಲ್ಲಿ ಅವಳು ಸೀಸೆ ತೊಳೆಯುತ್ತಿದ್ದಳು. ಕೈಗೆ ಹಿತ, ಗಾಜಿಗೆ ಹೊಳಪು. ಆಸ್ಪತ್ರೆಯವರು ಅದನ್ನು ಬಳಸುತ್ತಿದ್ದದ್ದು ವಾರ್ಡಿನ ನೆಲದ ಕ್ರಿಮಿಗಳನ್ನು ಕೊಲ್ಲಲು. ಅದನ್ನು ಇಲ್ಲಿ ಬಳಸುವ ಮುಂಚೆ ಅಕ್ಕ ಯಾರನ್ನೂ ಕೇಳಿರಲಿಲ್ಲ. ನೀರಿನ ಜಾಡಿ ಮಾತ್ರ ಅವಳು ಗಾಜು ತೊಳೆಯುವ ತೊಟ್ಟಿಗೆ ಇಳಿಯದಷ್ಟು ದೊಡ್ಡದು, ಅದಕ್ಕೆ ಆ ದ್ರಾವಣ ಸೋಕಿಯೇ ಇರಲಿಲ್ಲ.

ಹೇಳಿದರೆ ತಪ್ಪು ತನ್ನ ತಲೆಗೆ, ರುಜು ಗಾಳಿಗೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಿಜವಾಗಿ ಕೊಂದದ್ದು ಯಾವುದು? ಆ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಅವಳನ್ನು ಕಾಡಿತು. ಮಧ್ಯಾಹ್ನದ ಹೊತ್ತಿಗೆ ಸೀಸೆ ಸೆರಗಿನಲ್ಲಿ ಮುಚ್ಚಿಕೊಂಡು ಮಹಡಿ ಹತ್ತಿದಳು. ಮಣ್ಣೂ ಇಲ್ಲ, ರಸವೂ ಇಲ್ಲ, ತೊಳೆದ ಸೀಸೆಗೆ ಬರಿ ನೀರು ಹಾಕಿ ತೊಟ್ಟಿಡಲು ಸಂಶೋಧಕಿಗೆ ಹೇಳಿದಳು.

ಬೆಳಿಗ್ಗೆ ನೋಡಿದರೆ ದುಂಡಗೆ ಚಂದದ ಬಳೆ. ಹದಿಮೂರನೆಯದೂ ಪಾಸು. ಸಂಶೋಧಕಿ ತಲೆಯ ಮೇಲೆ ಕೈಹೊತ್ತು ಕೂತಳು. ನಾನೇ ಹೇಳುತ್ತೇನೆ ಎಂದು ಅಕ್ಕ ತಟ್ಟೆ ಹಿಡಿದು ಡೈರೆಕ್ಟರ ಕೋಣೆಗೆ ನಡೆದಳು.

ಡೈರೆಕ್ಟರು ಸೋಮವಾರದ ಭಾಷಣ ತಿದ್ದುತ್ತಿದ್ದರು. ಮನುಕುಲ ಎಂಬ ಶಬ್ದವನ್ನು ಎಲ್ಲಿ ಕೂರಿಸುವುದೆಂಬ ಚಿಂತೆ. ಅಕ್ಕ ಹೇಳಿದ್ದನ್ನು ಪೂರ್ತಿ ಕೇಳಿದರು. ಗಡ್ಡ ಕೆರೆದುಕೊಂಡರು.

"ಅಂದ್ರೆ ನನ್ನ ಔಷಧಿ ನೆಲ ಒರೆಸೋ ನೀರು ಅಂತೀಯೇನಮ್ಮಾ?"

"ಹಾಗಂತ ಹೇಳೋಕೆ ನಾನ್ಯಾರು ಸಾರ್? ತಟ್ಟೆ ಹೇಳ್ತಿದೆ."

ಅವರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ಹೋಗು ಎಂದಷ್ಟೇ ಹೇಳಿದರು. ಸೋಮವಾರ ಪತ್ರಿಕೆಯವರು ಬರಲಿಲ್ಲ. ಅಕ್ಕನ ಪತ್ರವೂ ಬರಲಿಲ್ಲ. ಗಂಡ ಎರಡು ದಿನ ಅವಳನ್ನು ವಿಜ್ಞಾನಿಗಳೇ ಎಂದು ಕರೆದು, ಅವಳ ಮುಖ ನೋಡಿ ಮೂರನೆಯ ದಿನ ಬಿಟ್ಟ.

ಅಕ್ಕ ಹಳೆಯ ಪುಡಿಗೆ ಮರಳಿ, ಸೀಸೆಗಳನ್ನೆಲ್ಲ ಕುದಿಸಿ, ಏಳು ನೀರಿನಲ್ಲಿ ಜಾಲಿಸಿಕೊಟ್ಟಳು. ಮೇಲಿನ ಕೋಣೆಯಲ್ಲಿ ಹೊಸದಾಗಿ ತೆಗೆದ ಹನ್ನೆರಡೂ ರಸಗಳ ಪರೀಕ್ಷೆ ಮೊದಲಿನಿಂದ ನಡೆಯಿತು. ಎಂಟನೆಯ ದಿನ ತೊಟ್ಟಿಯ ಬಳಿ ಬೂಟಿನ ಸದ್ದಾಯಿತು. ಡೈರೆಕ್ಟರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದೆಯಲ್ಲೇ ನಿಂತರು.

"ಹನ್ನೊಂದು ಫೇಲು," ಎಂದರು.

"ಇನ್ನೊಂದು?"

ಅವರು ಕೋಟಿನೊಳಗಿಂದ ತಟ್ಟೆ ತೆಗೆದರು. ಒಂಬತ್ತನೆಯ ರಸದ ಸುತ್ತ ಒಂದು ಬಳೆ. ಮಗುವಿನ ಕೈಗೂ ಆಗದಷ್ಟು ಸಣ್ಣದು. ಆದರೆ ಬಳೆಯೇ. ಈ ಸಲ ಅವರು ಭಾಷಣದ ದನಿಯಲ್ಲಿ ಮಾತಾಡಲಿಲ್ಲ.

"ಇದೂ ಸುಳ್ಳಿರಬಹುದು. ಇನ್ನೊಂದು ಸಲ ತೊಳೆದುಕೊಡು. ನಾನು ನೋಡ್ತಿರ್ತೀನಿ."

ಸ್ಟೂಲ್ ಎಳೆದುಕೊಂಡು ಕೂತು, ಏಳು ನೀರನ್ನೂ ಬೆರಳು ಮಡಿಚಿ ಎಣಿಸಿದರು. ಆರನೆಯದಕ್ಕೆ ಅಕ್ಕ, ಇದು ಐದೋ ಆರೋ ಎಂದು ಬೇಕೆಂದೇ ಕೇಳಿದಳು. ಆರು ಎಂದು ಖಡಾಖಂಡಿತವಾಗಿ ಹೇಳಿದರು. ಮುಗಿದ ಮೇಲೆ ಜೇಬಿನಿಂದ ಪತ್ರ ತೆಗೆದು, ಕೂತಲ್ಲೇ ಮೊಣಕಾಲಿನ ಮೇಲಿಟ್ಟು ರುಜು ಹಾಕಿ ಅವಳ ಕೈಗಿತ್ತರು. ದ್ರಾವಣದ ವಿಚಾರಕ್ಕೆ ಬಯ್ಯುವುದಿದೆ, ಅದನ್ನು ಬೇರೆ ದಿನ ಬಯ್ಯುತ್ತೇನೆ ಎಂದರು.

ಅಕ್ಕ ಕೈ ಒರೆಸಿಕೊಂಡು ಪತ್ರವನ್ನು ನೀರು ತಾಗದ ಕಪಾಟಿನಲ್ಲಿಟ್ಟಳು. ಕಣ್ಣು ಮಾತ್ರ ತಟ್ಟೆಯ ಮೇಲೇ ಇತ್ತು.

"ಸಾರ್, ಈ ಒಂಬತ್ತನೇ ಮಣ್ಣು ಎಲ್ಲಿಂದ ತಂದದ್ದು?"

ಡೈರೆಕ್ಟರಿಗೂ ಗೊತ್ತಿರಲಿಲ್ಲ. ಮಣ್ಣಿನ ಪೊಟ್ಟಣಕ್ಕೆ ಅಂಟಿಸಿದ್ದ ಊರಿನ ಚೀಟಿ ಹುಡುಕಲು ಇಬ್ಬರೂ ಮಹಡಿ ಹತ್ತಿದರು.